ಬೀಚಿಗೆ ಮರಳು ಸುರಿಯುವ ಮುಂಚೆ: ನೀರಿನೊಳಗಿನ ಮರಿ ಕಡಲಾಮೆಗಳಿಗಾಗಿ ನಾವು ಮಾಡಬಹುದಾದ ಕೆಲಸ

ಜುಲೈ ತಿಂಗಳ ಒಂದು ಬೆಳಗ್ಗೆ ದಕ್ಷಿಣ ಗೋವಾದ ಬೀಚೊಂದರಲ್ಲಿ ನಡೆಯುತ್ತಿದ್ದೆ. ರಾತ್ರಿಯಿಡೀ ಮಳೆ ಹೊಡೆದಿತ್ತು. ಅಲೆ ಬಿಟ್ಟುಹೋದ ಕಸದ ಸಾಲಿನಲ್ಲಿ ಒಂದು ಹರಕು ನೀಲಿ ಬಲೆ. ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಆಮೆ. ಸತ್ತಿದೆ ಅಂದುಕೊಂಡು ಬಗ್ಗಿದೆ. ಅದು ತಲೆಯೆತ್ತಿ ಫುಸ್ಸೆಂದು ಉಸಿರು ಬಿಟ್ಟಿತು. ಚಿಪ್ಪಿನ ಒಂದೊಂದು ಬಿಲ್ಲೆಯ ಮೇಲೂ ಕಂದು ಗೆರೆಗಳು ಬಿಸಿಲಿನ ಕಿರಣದ ಹಾಗೆ ಹರಡಿದ್ದವು. ಬಾಯಂಚಿನಲ್ಲಿ ಹಸಿರು ಪಾಚಿಯ ಎಳೆ ಅಂಟಿಕೊಂಡಿತ್ತು.

ಅದು ಹಸಿರು ಕಡಲಾಮೆಯ ಮರಿ. ಮರಿ ಅಂದರೆ ನಿನ್ನೆ ಮೊನ್ನೆ ಮೊಟ್ಟೆಯಿಂದ ಹೊರಬಂದದ್ದಲ್ಲ. ಕೆಲವು ವರ್ಷ ನಡುಗಡಲಲ್ಲಿ ಕಳೆದು, ದಡದ ಹತ್ತಿರ ಮೇಯಲು ಬಂದ ಹರೆಯದ ಆಮೆ.

ಹತ್ತಿರದ ಹೋಟೆಲಿನಲ್ಲಿ ಅಡುಗೆ ಮಾಡುವ ಹುಬ್ಬಳ್ಳಿಯ ಗೆಳೆಯರು ಕೊಡೆ ಹಿಡಿದು ನಿಂತರು. ಅರಣ್ಯ ಇಲಾಖೆಯವರು ಬರುವ ತನಕ ಅಲ್ಲಿಂದ ಅಲ್ಲಾಡಲಿಲ್ಲ. ಅದಾಗಿ ಒಂದೆರಡು ತಿಂಗಳಿಗೆ, ಅಲೆ ಕೊರೆದಿದೆ ಅಂತ ಆ ಬೀಚಿಗೆ ಮರಳು ತುಂಬಿಸುವ ಮಾತು ಎದ್ದಿತು. ಹುಬ್ಬಳ್ಳಿಯ ಗೆಳೆಯರು ಕೇಳಿದರು: "ಉಸುಕು ಹಾಕಿದ್ರ ಆಮಿಗೆ ಛಲೋನ ಅಲ್ಲೇನ್ರೀ?"

ಮೊಟ್ಟೆಯಿಡಲು ಬರುವ ತಾಯಿಗೆ ಒಳ್ಳೆಯದಾಗಬಹುದು, ಅಂದೆ. ನೀರಿನೊಳಗಿರುವ ಆ ತಟ್ಟೆಯಗಲದ ಆಮೆಯ ಬಗ್ಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ, ಓದಿ, ಮೀನುಗಾರರನ್ನು ಕೇಳಿ ತಿಳಿದದ್ದನ್ನು ಕ್ರಮವಾಗಿ ಬರೆದಿದ್ದೇನೆ. ವಾಸ್ಕೋ, ಮಡಗಾಂವ್, ಪಣಜಿಯಲ್ಲಿ ನಮ್ಮ ಕನ್ನಡದವರು ಎಷ್ಟೊಂದು ಜನ ಇದ್ದೇವೆ. ಬೀಚಿನ ಹೋಟೆಲು, ದೋಣಿ, ಕಟ್ಟಡ, ಬಂದರು ಎಲ್ಲ ಕಡೆ ಕೆಲಸ ಮಾಡುತ್ತೇವೆ. ನಮ್ಮ ಕಣ್ಣಿಗೆ ಬೀಳದೆ ಒಂದು ಲಾರಿ ಮರಳೂ ಬೀಚಿಗೆ ಬರುವುದಿಲ್ಲ.

ಹೆಜ್ಜೆ 1: ಯಾವ ಆಮೆ, ಯಾವ ವಯಸ್ಸು ಅಂತ ತಿಳಿದುಕೊಳ್ಳಿ

ಕಡಲಾಮೆ ಅಂದ ಕೂಡಲೇ ನಮಗೆ ನೆನಪಾಗುವುದು ಎರಡೇ. ರಾತ್ರಿ ದಡಕ್ಕೆ ಬಂದು ಗುಂಡಿ ತೋಡುವ ತಾಯಿ. ನೀರಿನ ಕಡೆ ತೆವಳುವ ಪುಟ್ಟ ಮರಿಗಳು. ನಡುವಿನ ವರ್ಷಗಳು ನಮಗೆ ಕಾಣುವುದೇ ಇಲ್ಲ.

ಗೋವಾದಲ್ಲಿ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲೆ. ಕೊಂಕಣಿ, ಮರಾಠಿಯವರ ಕಾಸವ. ಮೋರ್ಜಿಂ, ಮಾಂದ್ರೆ, ಆಗೊಂದಾ, ಗಾಲ್ಜಿಬಾಗ್ ಬೀಚುಗಳಲ್ಲಿ ಅರಣ್ಯ ಇಲಾಖೆ ಬೇಲಿ ಕಟ್ಟಿ ಕಾಯುತ್ತದೆ. ಒಂದು ಗೂಡಿನಲ್ಲಿ ಹೆಚ್ಚುಕಡಿಮೆ ನೂರು ಮೊಟ್ಟೆ. 45ರಿಂದ 60 ದಿನದಲ್ಲಿ ಮರಿ ಹೊರಬರುತ್ತದೆ. ಬಂದ ಮರಿ ಒಂದೆರಡು ದಿನ ನಿಲ್ಲದೆ ಈಜಿ ಆಳಕ್ಕೆ ಹೋಗಿಬಿಡುತ್ತದೆ.

ಹಸಿರು ಕಡಲಾಮೆ ಮತ್ತು ಹಾಕ್ಸ್‌ಬಿಲ್ ಆಮೆಯ ಮರಿಗಳ ಬದುಕು ಇನ್ನೊಂದು ಬಗೆಯದು. ಕೆಲವು ವರ್ಷ ನಡುಗಡಲಲ್ಲಿ ತೇಲುತ್ತವೆ. ಚಿಪ್ಪು ಸುಮಾರು 20ರಿಂದ 35 ಸೆಂಟಿಮೀಟರ್ ಬೆಳೆದಾಗ ದಡದ ಹತ್ತಿರದ ನೀರಿಗೆ ಬರುತ್ತವೆ. ಹಸಿರು ಆಮೆಗೆ ಬಂಡೆಯ ಪಾಚಿ, ಕಡಲಹುಲ್ಲು ಬೇಕು. ಹಾಕ್ಸ್‌ಬಿಲ್ ಬಂಡೆಸಂದಿಯ ಸ್ಪಂಜು ತಿನ್ನುತ್ತದೆ. ಇವು ಒಂದು ಕಡೆ ನೆಲೆಸಿದರೆ ವರ್ಷಗಟ್ಟಲೆ ಅಲ್ಲೇ. ಮೇಯುವ ಬಂಡೆ ಒಂದು, ಮಲಗುವ ಸಂದಿ ಒಂದು. ಸಂಜೆ ಕೊಟ್ಟಿಗೆಗೆ ಬರುವ ದನದ ಹಾಗೆ ಅದೇ ಜಾಗಕ್ಕೆ ವಾಪಸ್. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿದವರು ಬಂಡೆಗಳ ನಡುವೆ ಆಮೆ ನೋಡಿರುತ್ತೀರಿ.

ಈ ಹರೆಯದ ಆಮೆಗೆ ಯಾಕಿಷ್ಟು ಮಹತ್ವ? ಮೊಟ್ಟೆಯಿಂದ ಬಂದ ಸಾವಿರ ಮರಿಗಳಲ್ಲಿ ದೊಡ್ಡದಾಗುವುದು ಒಂದೋ ಎರಡೋ ಅನ್ನುತ್ತಾರೆ. ತಟ್ಟೆಯಷ್ಟು ಅಗಲ ಆಗುವ ಹೊತ್ತಿಗೆ ಅದು ಏಡಿ, ಕಾಗೆ, ನಾಯಿ, ಶಾರ್ಕ್ ಎಲ್ಲದರಿಂದ ಪಾರಾಗಿ ಬಂದಿರುತ್ತದೆ. 1987ರಲ್ಲಿ ಅಮೆರಿಕದ ವಿಜ್ಞಾನಿಗಳು ಲಾಗರ್‌ಹೆಡ್ ಆಮೆಗಳ ಲೆಕ್ಕ ಹಾಕಿ ತೋರಿಸಿದರು: ಮೊಟ್ಟೆಗಳನ್ನು ಮಾತ್ರ ಪೂರ್ತಿ ಕಾಪಾಡಿದರೂ ಇಳಿಯುತ್ತಿರುವ ಸಂಖ್ಯೆ ನಿಲ್ಲುವುದಿಲ್ಲ, ಬೆಳೆದ ಮರಿಗಳು ಬದುಕಬೇಕು. ದೋಣಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಆಮೆ ಹೊರಗೆ ಹೋಗಲು ಕಿಂಡಿ ಇಡಬೇಕೆಂಬ ವಾದಕ್ಕೆ ಬಲ ಬಂದದ್ದೂ ಈ ಲೆಕ್ಕದಿಂದ. ಹಸಿರು ಆಮೆ ತಾಯಿಯಾಗಲು 20 ವರ್ಷಕ್ಕಿಂತ ಜಾಸ್ತಿ ಬೇಕು. ದಡದ ನೀರಿನಲ್ಲಿ ಒಂದು ಮರಿ ಸತ್ತರೆ ಅಷ್ಟು ವರ್ಷದ ಪಾಡು ನೀರುಪಾಲು.

ಹೆಜ್ಜೆ 2: ಬೀಚು ನಿಜಕ್ಕೂ ಕೊರೆದಿದೆಯೇ ನೋಡಿ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಅಲೆ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತದೆ. ಅಕ್ಟೋಬರ್ ನಂತರ ಸಣ್ಣ ಅಲೆಗಳು ಅದನ್ನೇ ತಂದು ವಾಪಸ್ ಹಾಕುತ್ತವೆ. ಜುಲೈನಲ್ಲಿ ಫೋಟೋ ತೆಗೆದು "ಬೀಚೇ ಹೋಯ್ತು" ಅಂದರೆ ತಪ್ಪು. ಮೇ ತಿಂಗಳನ್ನು ಮುಂದಿನ ಮೇ ತಿಂಗಳ ಜೊತೆ ಹೋಲಿಸಬೇಕು.

ಒಂದು ತೆಂಗಿನ ಮರವನ್ನೋ ಕಟ್ಟಡದ ಮೂಲೆಯನ್ನೋ ಗುರುತು ಇಟ್ಟುಕೊಳ್ಳಿ. ಅಲ್ಲಿಂದ ಉಬ್ಬರದ ಕಸದ ಸಾಲಿನ ತನಕ ಎಷ್ಟು ಹೆಜ್ಜೆ ಅಂತ ಪ್ರತಿ ತಿಂಗಳು ಬರೆದಿಡಿ. ಎರಡು ವರ್ಷದ ಹೆಜ್ಜೆ ಲೆಕ್ಕ ಕೈಯಲ್ಲಿದ್ದರೆ ಯಾವ ಇಂಜಿನಿಯರರ ಮುಂದೆಯೂ ಧೈರ್ಯವಾಗಿ ಮಾತಾಡಬಹುದು.

ನಿಜಕ್ಕೂ ಕೊರೆಯುತ್ತಿದ್ದರೆ ಕಾರಣ ಹುಡುಕಿ. ಕಾಂದೋಳಿ ಬೀಚಿನ ಕಥೆ ಗೋವಾದ ಹಳಬರಿಗೆಲ್ಲ ಗೊತ್ತು. 2000ದ ಜೂನ್‌ನಲ್ಲಿ ರಿವರ್ ಪ್ರಿನ್ಸೆಸ್ ಹಡಗು ಅಲ್ಲಿ ದಡಕ್ಕೆ ಹತ್ತಿ ಕೂತಿತು. ತೆಗೆದು ಮುಗಿಸುವಾಗ 2012. ಅಷ್ಟು ವರ್ಷ ಅದು ತಡೆಗೋಡೆಯ ಹಾಗೆ ನಿಂತು ಮರಳಿನ ಹರಿವನ್ನೇ ಬದಲಿಸಿತು. ಕಲ್ಲಿನ ಗೋಡೆ, ಕಡಲಿಗೆ ಚಾಚಿದ ಬಂದರಿನ ತೋಳು, ಅಗೆದ ಮರಳು ದಿಬ್ಬ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಕಾರಣವನ್ನು ಹಾಗೇ ಬಿಟ್ಟು ಮೇಲಿಂದ ಮರಳು ಸುರಿದರೆ ಕೆಲವು ವರ್ಷಕ್ಕೆ ಮತ್ತೆ ಸುರಿಯಬೇಕು. ಸುರಿದಾಗಲೆಲ್ಲ ನೀರಿನೊಳಗೆ ಅದೇ ಪೆಟ್ಟು ಬೀಳುತ್ತದೆ.

ಹೆಜ್ಜೆ 3: ಮರಳು ಎಲ್ಲಿಂದ, ಯಾವ ಯಂತ್ರದಿಂದ ಬರುತ್ತದೆ ಕೇಳಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಹೆಚ್ಚಾಗಿ ಮರಳು ಕಡಲ ತಳದಿಂದಲೇ ಬರುತ್ತದೆ. ಎತ್ತುವ ಹಡಗಿಗೆ ಡ್ರೆಜರ್ ಅನ್ನುತ್ತಾರೆ. ಅದರಲ್ಲೂ ಬೇರೆ ಬೇರೆ ಬಗೆ ಇದೆ. ಆಮೆಗೆ ಜಾಸ್ತಿ ಅಪಾಯ ನಡೆಯುತ್ತಾ ಹೀರುವ ಹಾಪರ್ ಡ್ರೆಜರಿನಿಂದ. ಹಡಗಿನ ಪಕ್ಕದಿಂದ ಉದ್ದ ಕೊಳವೆ ಇಳಿಸಿ, ತುದಿಯ ಅಗಲ ಮೂತಿಯನ್ನು ತಳದ ಮೇಲೆ ಎಳೆಯುತ್ತಾ ಮರಳು ನೀರು ಎರಡನ್ನೂ ಹೀರುತ್ತದೆ. ದೈತ್ಯ ವ್ಯಾಕ್ಯೂಮ್ ಕ್ಲೀನರ್ ಅಂದುಕೊಳ್ಳಿ. ಮರಿ ಆಮೆ ತಳದಲ್ಲಿ ಮಲಗಿರುತ್ತದೆ. ಸದ್ದು ಬಂದಾಗ ಮೇಲೆ ಏಳುವ ಬದಲು ಅಲ್ಲೇ ಒತ್ತಿಕೊಂಡು ಕೂತರೆ ಕೊಳವೆಯೊಳಗೆ ಹೋಗುತ್ತದೆ. ಒಳಗೆ ಹೋದದ್ದು ಬದುಕುವುದು ತೀರಾ ಅಪರೂಪ.

1980ರಲ್ಲಿ ಫ್ಲಾರಿಡಾದ ಕೆನವೆರಲ್ ಬಂದರಿನ ಹಡಗುದಾರಿಯಲ್ಲಿ ಹೀಗೆ ಹತ್ತಾರು ಕಡಲಾಮೆ ಸತ್ತವು. ಅಲ್ಲಿಂದ ಆ ದೇಶದಲ್ಲಿ ಉಪಾಯ ಹುಡುಕಲು ಶುರುಮಾಡಿದರು. ಆ ಉಪಾಯಗಳನ್ನು ನಾವು ಇಲ್ಲಿ ಹೆಸರು ಹಿಡಿದು ಕೇಳಬಹುದು.

ಮೂತಿಯ ಮುಂದೆ ನೇಗಿಲಿನಂಥ ಕಬ್ಬಿಣದ ತಡೆ ಕೂರಿಸಬೇಕು. ಅದು ಮರಳನ್ನು ದೂಡುತ್ತಾ ಹೋಗುವಾಗ ಆಮೆ ಪಕ್ಕಕ್ಕೆ ಸರಿಯುತ್ತದೆ. ಮೂತಿ ತಳಕ್ಕೆ ಮುಟ್ಟಿದ ಮೇಲೆ ಪಂಪು ಚಾಲೂ ಆಗಬೇಕು, ತಳದಿಂದ ಎತ್ತುವ ಮೊದಲೇ ನಿಲ್ಲಬೇಕು. ಇದಕ್ಕೆ ಖರ್ಚೇನೂ ಇಲ್ಲ, ಕೆಲಸಗಾರರಿಗೆ ಹೇಳಿಕೊಟ್ಟರೆ ಸಾಕು. ಹಡಗಿನೊಳಗೆ ಮರಳು ಬೀಳುವ ಬಾಯಿಗೆ ಜಾಲರಿ ಹಾಕಿ, ಆಮೆಯ ಚೂರು ಸಿಕ್ಕಿದೆಯೇ ಅಂತ ನೋಡುವವರನ್ನು ಹಡಗಿನ ಮೇಲೆ ಇಡಬೇಕು. ನೋಡುವವರೇ ಇಲ್ಲದ ಹಡಗಿನಲ್ಲಿ "ಒಂದೂ ಆಮೆ ಸತ್ತಿಲ್ಲ" ಅಂದರೆ ನಂಬಲು ಆಗುವುದಿಲ್ಲ. ಆದರೆ ನಿಂತಲ್ಲೇ ಕೊರೆಯುವ ಕಟರ್ ಡ್ರೆಜರ್ ಅಥವಾ ಬಕೆಟ್ ಡ್ರೆಜರ್ ಬಳಸುವುದಾದರೆ ಹೀರಿಕೊಳ್ಳುವ ಅಪಾಯ ಬಹಳ ಕಡಿಮೆ.

ಮರಳು ತೆಗೆದ ಜಾಗವೂ ಯಾರದೋ ಊಟದ ತಾಣ. ಆಲಿವ್ ರಿಡ್ಲೆ ಏಡಿ, ಸೀಗಡಿ, ಚಿಪ್ಪುಜೀವಿ ತಿನ್ನುತ್ತದೆ. ತಳವನ್ನು ಆಳವಾಗಿ ಬಗೆದರೆ ಗುಂಡಿಯಲ್ಲಿ ಕೆಸರು ತುಂಬಿ ಈ ಜೀವಿಗಳು ಬೇಗ ವಾಪಸ್ ಬರುವುದಿಲ್ಲ. ತೆಳುವಾಗಿ, ಪಟ್ಟಿ ಬಿಟ್ಟು ಪಟ್ಟಿ ತೆಗೆದರೆ ಪಕ್ಕದ ಪಟ್ಟಿಯಿಂದ ಅವು ಮತ್ತೆ ಹಬ್ಬುತ್ತವೆ.

ಹೆಜ್ಜೆ 4: ಸುರಿದ ಮರಳು ಎಲ್ಲಿ ಹೋಗಿ ಕೂರುತ್ತದೆ ಅಂತ ನೀವೇ ನಕ್ಷೆ ಮಾಡಿ

ಯೋಜನೆಯ ನಕ್ಷೆಯಲ್ಲಿ ಮರಳು ಅಗಲವಾಗಿ, ಚಂದವಾಗಿ ಕಾಣುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಹಾಗಿರುವುದಿಲ್ಲ. ಅಲೆ ಅದನ್ನು ಎಳೆದು ನೀರಿನಡಿ ಹರಡುತ್ತದೆ. ಇದು ಇಂಜಿನಿಯರರಿಗೂ ಗೊತ್ತು, ಲೆಕ್ಕದಲ್ಲೂ ಹಿಡಿದಿರುತ್ತಾರೆ. ಆದರೆ ಹರಡಿದ ಮರಳು ಬಂಡೆಯ ಮೇಲೆ ಕೂತರೆ ಪಾಚಿ ಹೂತುಹೋಗುತ್ತದೆ. ಫ್ಲಾರಿಡಾದ ಪೂರ್ವ ತೀರದಲ್ಲಿ ಹಸಿರು ಆಮೆ ಮರಿಗಳು ದಡದ ಪಕ್ಕದ ತಗ್ಗು ಬಂಡೆಗಳ ಮೇಲೆ ಮೇಯುತ್ತವೆ. ಮರಳು ತುಂಬುವ ಯೋಜನೆ ಬಂದಾಗಲೆಲ್ಲ ಅಲ್ಲಿ ಮೊದಲ ಜಗಳ ಇದೇ: ಎಷ್ಟು ಬಂಡೆ ಮುಚ್ಚುತ್ತದೆ? ಮುಚ್ಚಿದ್ದಕ್ಕೆ ಬದಲಾಗಿ ಕಲ್ಲು ಹಾಕಿ ಕೃತಕ ಬಂಡೆಸಾಲು ಕಟ್ಟಿಸುತ್ತಾರೆ. ಹೊಸ ಕಲ್ಲಿನ ಮೇಲೆ ಹಳೆಯ ಹುಲುಸಾದ ಪಾಚಿ ಬರಲು ಕಾಲ ಬೇಕು. ಆಮೆಗೆ ಹಸಿವು ಇವತ್ತೇ ಇರುತ್ತದೆ ಅಲ್ವಾ?

ನಮ್ಮಲ್ಲೂ ಬಹಳ ಬೀಚುಗಳ ಎರಡು ತುದಿಯಲ್ಲಿ ಕಲ್ಲುಗುಡ್ಡ ನೀರಿಗೆ ಇಳಿದಿರುತ್ತದೆ. ಬೋಗ್ಮಾಳೋ ನೋಡಿ, ಆಗೊಂದಾ ನೋಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನದೊಳಗೆ, ದೊಡ್ಡ ಇಳಿತದ ಹೊತ್ತಿಗೆ ಹೋಗಿ. ಯಾವ ಬಂಡೆ ಬಯಲಾಗುತ್ತದೆ, ಯಾವುದರ ಮೇಲೆ ಪಾಚಿ ಇದೆ ನೋಡಿ. ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಕಾಲು ಜಾರುತ್ತದೆ, ಒಬ್ಬರೇ ಹೋಗಬೇಡಿ. ದೋಣಿಯವರನ್ನು ಕೇಳಿ: "ಕಾಸವ ಎಲ್ಲಿ ತಲೆ ಎತ್ತುತ್ತದೆ?" ಬಲೆ ಹಾಕುವವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಅವರು ತೋರಿಸಿದ ಜಾಗಗಳನ್ನು ಕಾಗದದ ಮೇಲೆ ಗುರುತು ಮಾಡಿ, ಯೋಜನೆಯ ನಕ್ಷೆಯ ಪಕ್ಕ ಇಟ್ಟು ನೋಡಿ.

ಹೆಜ್ಜೆ 5: ಉಪ್ಪಿನಕಾಯಿ ಬಾಟಲಿಯ ಪರೀಕ್ಷೆ

ಇದನ್ನು ಮಕ್ಕಳ ಕೈಯಲ್ಲೂ ಮಾಡಿಸಬಹುದು. ಎರಡು ಖಾಲಿ ಗಾಜಿನ ಬಾಟಲಿ ತೊಳೆದುಕೊಳ್ಳಿ. ಒಂದಕ್ಕೆ ಬೀಚಿನ ಹಳೆಯ ಮರಳು ಎರಡು ಹಿಡಿ. ಇನ್ನೊಂದಕ್ಕೆ ತಂದು ಸುರಿದ ಮರಳು ಎರಡು ಹಿಡಿ. ಎರಡಕ್ಕೂ ಕಡಲ ನೀರು ತುಂಬಿ ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ ಇಡಿ.

ಒಳ್ಳೆಯ ಬೀಚು ಮರಳು ಸರ್ರನೆ ಕೆಳಗೆ ಕೂರುತ್ತದೆ. ನೋಡನೋಡುತ್ತ ನೀರು ತಿಳಿಯಾಗುತ್ತದೆ. ಕೆಸರು ಬೆರೆತ ಮರಳಿನ ಬಾಟಲಿ ಚಹಾದ ಬಣ್ಣಕ್ಕೆ ತಿರುಗಿ ಗಂಟೆಗಟ್ಟಲೆ ಹಾಗೇ ಇರುತ್ತದೆ. ನಮ್ಮ ಹುಬ್ಬಳ್ಳಿಯ ಗೆಳೆಯರು ಅಡುಗೆಮನೆಯಿಂದಲೇ ಬಾಟಲಿ ತಂದಿದ್ದರು. ಒಂದು ಕಡೆ ಗುಡ್ಡೆ ಹಾಕಿದ್ದ ಮರಳಿನ ಬಾಟಲಿ ರಾತ್ರಿ ಊಟ ಮುಗಿದರೂ ತಿಳಿಯಾಗಿರಲಿಲ್ಲ. ಅದನ್ನು ಕಿಟಕಿಯಲ್ಲಿಟ್ಟು ಸುಮ್ನೆ ನೋಡುತ್ತಾ ಕೂತಿದ್ದರು.

ಆ ಮಬ್ಬೇ ನೀರಿನಲ್ಲಿ ಹರಡುತ್ತದೆ. ಬಿಸಿಲು ತಳಕ್ಕೆ ಹೋಗುವುದಿಲ್ಲ. ಪಾಚಿ, ಕಡಲಹುಲ್ಲು ಸೊರಗುತ್ತವೆ. ಸ್ಪಂಜಿನ ಮೇಲೆ ಕೆಸರು ಕೂರುತ್ತದೆ. ಹಾಗಾಗಿ ಕೆಸರು ಕಡಿಮೆ ಇರುವ, ಇಲ್ಲಿನ ಮರಳಿನಷ್ಟೇ ದಪ್ಪದ, ಇಲ್ಲಿನದೇ ಬಣ್ಣದ ಮರಳು ಬೇಕು ಅಂತ ಪಟ್ಟು ಹಿಡಿಯಿರಿ. ಬಣ್ಣಕ್ಕೂ ಕಾರಣ ಇದೆ. ಕಪ್ಪು ಮರಳು ಜಾಸ್ತಿ ಕಾಯುತ್ತದೆ. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಅನ್ನುವುದು ಗೂಡಿನ ಬಿಸಿಯ ಮೇಲೆ ನಿಂತಿದೆ. 29-30 ಡಿಗ್ರಿಗಿಂತ ಬಿಸಿಯಾದರೆ ಹೆಣ್ಣು ಜಾಸ್ತಿ, ಇನ್ನೂ ಕಾದರೆ ಮೊಟ್ಟೆಯೇ ಹಾಳು.

ಕೊಳವೆಯಿಂದ ಮರಳುನೀರು ಸುರಿಯುವ ಜಾಗದಲ್ಲಿ ದಡಕ್ಕೆ ಸಮನಾಗಿ ಉದ್ದ ಮರಳಿನ ಬದು ಕಟ್ಟಿಸಿ. ನೀರು ಬದುವಿನ ಒಳಗೇ ದೂರ ಹರಿದು, ಕೆಸರನ್ನು ಅಲ್ಲೇ ಬಿಟ್ಟು, ಕಡಲಿಗೆ ಸೇರುತ್ತದೆ.

ಹೆಜ್ಜೆ 6: ಕ್ಯಾಲೆಂಡರ್ ಇಟ್ಟು ಲೆಕ್ಕ ಹಾಕಿ

ನಮ್ಮ ಕಡೆಯ ದೊಡ್ಡ ತೊಡಕು ಇಲ್ಲಿದೆ. ಅಮೆರಿಕದಲ್ಲಿ ಆಮೆ ಮೊಟ್ಟೆಯಿಡುವುದು ಬೇಸಿಗೆಯಲ್ಲಿ, ಹಾಗಾಗಿ ಮರಳಿನ ಕೆಲಸವನ್ನು ಚಳಿಗಾಲಕ್ಕೆ ತಳ್ಳುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ಹುಚ್ಚೆದ್ದಿರುತ್ತದೆ, ಡ್ರೆಜರ್ ನಿಲ್ಲಲು ಆಗುವುದಿಲ್ಲ. ಕಡಲು ಶಾಂತವಾಗುವುದೂ ಆಲಿವ್ ರಿಡ್ಲೆ ಬರುವುದೂ ಒಂದೇ ಕಾಲಕ್ಕೆ. ನವೆಂಬರ್‌ನಿಂದ ಮಾರ್ಚ್ ತನಕ ಮೊಟ್ಟೆ, ಮೇ ತನಕ ಮರಿ.

ಆದ್ದರಿಂದ ಕೇಳಬೇಕಾದದ್ದು ಹೀಗೆ. ಆಮೆ ಬರುವ ಬೀಚಾದರೆ ಅಕ್ಟೋಬರ್‌ನಲ್ಲೇ ಶುರುಮಾಡಿ, ಗೂಡು ಬೀಳುವ ಮೊದಲೇ ಆ ಭಾಗ ಮುಗಿಸಿ. ಇಡೀ ಬೀಚನ್ನು ಒಂದೇ ವರ್ಷ ಮುಗಿಸುವ ಹಟ ಬೇಡ. ತುಂಡು ತುಂಡಾಗಿ ಮಾಡಿದರೆ ನೀರಿನ ಮರಿಗಳಿಗೂ ಪಕ್ಕದ ಬಂಡೆಗೆ ಹೋಗಿ ಮೇಯಲು ಎಡೆ ಸಿಗುತ್ತದೆ. ಖರ್ಚು ಹೆಚ್ಚುತ್ತದೆ ಅನ್ನುತ್ತಾರೆ. ನಿಜ, ಹೆಚ್ಚುತ್ತದೆ. ಆದರೂ ಇದನ್ನು ಬಿಟ್ಟುಕೊಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 7: ಬರೆದು ಕೇಳಿ

2019ರ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಯಲ್ಲಿ ಆಮೆ ಮೊಟ್ಟೆಯಿಡುವ ಜಾಗ, ಹವಳ, ಕಡಲಹುಲ್ಲು, ಮರಳು ದಿಬ್ಬ ಎಲ್ಲ ಸಿಆರ್‌ಝಡ್ 1ಎ ವರ್ಗದಲ್ಲಿವೆ. ಅಂದರೆ ಅತಿ ಹೆಚ್ಚು ಕಾವಲು ಬೇಕಾದ ಜಾಗ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಅಥವಾ ಕೆಲಸ ಮಾಡಿಸುವ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಂಗ್ಲಿಷ್ ಬರವಣಿಗೆ ಕಷ್ಟವಾದರೆ ಓದುವ ಮಕ್ಕಳನ್ನು ಕೂರಿಸಿಕೊಳ್ಳಿ. ಕೇಳಬೇಕಾದ ಪ್ರಶ್ನೆಗಳು ಮೇಲೆಯೇ ಇವೆ: ಮರಳು ಎಲ್ಲಿಯದು, ಯಾವ ಡ್ರೆಜರ್, ಆಮೆ ತಡೆ ಇದೆಯೇ, ಎಷ್ಟು ಬಂಡೆ ಮುಚ್ಚುತ್ತದೆ, ಯಾವ ತಿಂಗಳು, ನೀರಿನ ಮಬ್ಬನ್ನು ಯಾರು ಅಳೆಯುತ್ತಾರೆ. ಊರಿನ ಪಂಚಾಯತಿಯ ಗ್ರಾಮಸಭೆಯಲ್ಲಿ ಇವನ್ನೇ ಬಾಯಲ್ಲಿ ಕೇಳಿ. ಮೀನುಗಾರರ ಜೊತೆ ಹೋಗಿ. ಹೂತುಹೋಗುವ ಬಂಡೆಯಲ್ಲಿ ಅವರ ಮೀನೂ ಇರುತ್ತದೆ.

ಹೆಜ್ಜೆ 8: ಕೆಲಸದ ದಿನಗಳಲ್ಲಿ ಆಮೆ ಸಿಕ್ಕರೆ

ಮರಿ ಆಮೆ ದಡಕ್ಕೆ ಬಿದ್ದಿದ್ದರೆ ಅದಕ್ಕೆ ಏನೋ ಆಗಿದೆ ಅಂತಲೇ ಅರ್ಥ. ಆರೋಗ್ಯವಾಗಿರುವ ಹರೆಯದ ಆಮೆ ದಡಕ್ಕೆ ಬರುವುದಿಲ್ಲ. ಆವತ್ತು ಜುಲೈನಲ್ಲಿ ಸೇರಿದ ಜನ ಪ್ರೀತಿಯಿಂದಲೇ "ನೀರಿಗೆ ಬಿಡಿ, ನೀರಿಗೆ ಬಿಡಿ" ಅಂದರು. ಬಿಟ್ಟಿದ್ದರೆ ಮುಳುಗಿ ಸಾಯುತ್ತಿತ್ತು. ಆಮೆ ನಮ್ಮ ಹಾಗೆ ಉಸಿರಾಡುವ ಪ್ರಾಣಿ. ಸೋತಿದ್ದರೆ ತಲೆಯೆತ್ತಲು ಆಗುವುದಿಲ್ಲ.

ನೆರಳು ಮಾಡಿ. ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಬಾಯಿ ಮುಚ್ಚಬೇಡಿ, ತಲೆಯ ಮೇಲೆ ನೀರು ಸುರಿಯಬೇಡಿ. ಎತ್ತಲೇಬೇಕಾದರೆ ಚಿಪ್ಪಿನ ಎರಡು ಪಕ್ಕ ಹಿಡಿಯಿರಿ, ರೆಕ್ಕೆಯಂಥ ಕಾಲು ಹಿಡಿದು ಎಳೆಯಬೇಡಿ. ಬೆನ್ನ ಮೇಲೆ ಮಲಗಿಸಬೇಡಿ. ಬಲೆ ಕುತ್ತಿಗೆಗೆ ಬಿಗಿದಿದ್ದರೆ ಸಡಿಲ ಇರುವ ಕಡೆ ಕತ್ತರಿಸಿ, ಮಾಂಸಕ್ಕೆ ಹೂತ ದಾರ ಎಳೆಯಬೇಡಿ. ತಿನ್ನಲು ಏನೂ ಕೊಡಬೇಡಿ. ನಾಯಿಗಳನ್ನು ದೂರ ಇಡಿ. ಹತ್ತಿರದ ಲೈಫ್‌ಗಾರ್ಡಿಗೆ ಹೇಳಿ, ಅವರಿಗೆ ಅರಣ್ಯ ಇಲಾಖೆಯವರನ್ನು ಕರೆಸುವ ದಾರಿ ಗೊತ್ತು.

ಸತ್ತ ಆಮೆಯಾದರೂ ಬಿಟ್ಟುಹೋಗಬೇಡಿ. ಪಕ್ಕದಲ್ಲಿ ನಿಮ್ಮ ಚಪ್ಪಲಿ ಇಟ್ಟು ಮೇಲಿನಿಂದ ಒಂದು, ತಲೆಯ ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಚಪ್ಪಲಿಯಿಂದ ಅಳತೆ ಸಿಗುತ್ತದೆ. ಎರಡು ಕಣ್ಣಿನ ನಡುವೆ ಒಂದೇ ಜೊತೆ ಉದ್ದ ಬಿಲ್ಲೆ ಇದ್ದರೆ ಹಸಿರು ಆಮೆ. ಎರಡು ಜೊತೆ ಇದ್ದು, ಗಿಣಿಯಂಥ ಕೊಕ್ಕು, ಹೆಂಚಿನ ಹಾಗೆ ಒಂದರ ಮೇಲೊಂದು ಕೂತ ಚಿಪ್ಪಾದರೆ ಹಾಕ್ಸ್‌ಬಿಲ್. ಬೂದುಹಸಿರು ದುಂಡು ಚಿಪ್ಪು, ಒಂದೊಂದು ಪಕ್ಕದಲ್ಲೂ ಬಿಲ್ಲೆಗಳು ಐದಕ್ಕಿಂತ ಹೆಚ್ಚಿದ್ದರೆ ಆಲಿವ್ ರಿಡ್ಲೆ. ಚಿಪ್ಪು ಒಡೆದಿದೆಯೇ, ಸೀಳಿದೆಯೇ ನೋಡಿ. ಡ್ರೆಜರ್ ಅಥವಾ ದೋಣಿಯ ಪೆಟ್ಟು ಹಾಗೆ ಕಾಣುತ್ತದೆ. ತಾರೀಖು, ಹೊತ್ತು, ಜಾಗ, ಅವತ್ತು ಡ್ರೆಜರ್ ಕೆಲಸ ಮಾಡುತ್ತಿತ್ತೋ ಇಲ್ಲವೋ, ಎಲ್ಲ ಬರೆದು ಅರಣ್ಯ ಇಲಾಖೆಗೆ ಕೊಡಿ. ನಿಮ್ಮ ಹತ್ತಿರವೂ ಒಂದು ಪ್ರತಿ ಇರಲಿ.

ಹೆಜ್ಜೆ 9: ಕೆಲಸ ಮುಗಿದ ಮೇಲೆ

ಯಂತ್ರದಡಿ ಒತ್ತಿದ ಹೊಸ ಮರಳು ಗಟ್ಟಿಯಾಗಿರುತ್ತದೆ, ತಾಯಿಗೆ ಗುಂಡಿ ತೋಡಲು ಆಗುವುದಿಲ್ಲ. ಗೂಡು ಬೀಳುವ ಕಾಲಕ್ಕೆ ಮೊದಲೇ ಉಳುಮೆ ಮಾಡಿ ಸಡಿಲಿಸಬೇಕು. ಅಲೆ ಕೊರೆದು ಸೊಂಟದೆತ್ತರ ಮೆಟ್ಟಿಲು ಮಾಡಿದರೆ ಅದನ್ನು ಇಳಿಜಾರು ಮಾಡಿಸಬೇಕು. ಎತ್ತರ, ಅಗಲವಾದ ಬೀಚಿನ ಮೇಲೆ ಹೋಟೆಲಿನ ದೀಪ ಇನ್ನೂ ದೂರ ಬೀಳುತ್ತದೆ, ಗೂಡಿನಿಂದ ಹೊರಬಂದ ಮರಿಗಳು ಕಡಲಿನ ಬದಲು ಬೆಳಕಿನ ಕಡೆ ತಿರುಗುತ್ತವೆ. ಕಡಲ ಕಡೆಯ ದೀಪ ಆರಿಸಿ ಅಥವಾ ಮರೆ ಮಾಡಿ. ಮೇಲ್ಭಾಗದಲ್ಲಿ ನೇರಳೆ ಹೂವಿನ ಬಳ್ಳಿ ಹಬ್ಬಲು ಬಿಡಿ. ಮರಾಠಿಯವರು ಅದನ್ನು ಮರ್ಯಾದಾ ವೇಲ್ ಅನ್ನುತ್ತಾರೆ. ಮರಳನ್ನು ಬಿಗಿಯಾಗಿ ಹಿಡಿಯುವ ಬಳ್ಳಿ ಅದು. ಅದು ನಿಂತ ಕಡೆ ಮತ್ತೆ ಡ್ರೆಜರ್ ತರಿಸುವ ಅಗತ್ಯ ಕಡಿಮೆಯಾಗುತ್ತದೆ.

ಮೊದಲ ಮಳೆಗಾಲ ಕಳೆದ ಮೇಲೆ, ನೀರು ತಿಳಿಯಾದಾಗ, ಹೆಜ್ಜೆ 4ರ ಬಂಡೆಗಳ ಹತ್ತಿರ ವಾಪಸ್ ಹೋಗಿ. ಅದೇ ಜಾಗ, ಅದೇ ಇಳಿತ, ಅದೇ ದಿಕ್ಕಿನ ಫೋಟೋ. ಹಳೆಯ ಫೋಟೋದಲ್ಲಿ ಎಣಿಸಿದ ಬಂಡೆಗಳಲ್ಲಿ ಎಷ್ಟು ಕಾಣುತ್ತಿವೆ, ಪಾಚಿ ಉಳಿದಿದೆಯೇ ಬರೆದುಕೊಳ್ಳಿ. ಆಮೇಲೆ ದಡದಲ್ಲಿ ಕೂತು ನೀರನ್ನು ನೋಡಿ. ಮೇಯುವ ಮರಿ ಆಮೆ ಉಸಿರಿಗೆ ಆಗಾಗ ಮೇಲೆ ಬರುತ್ತದೆ. ಹೆಬ್ಬೆರಳಷ್ಟು ತಲೆ, ಒಂದೆರಡು ಕ್ಷಣ, ಮತ್ತೆ ಇಲ್ಲ. ಅರ್ಧ ಗಂಟೆಯಾದರೂ ಕೂರಬೇಕು. ನಾನೂ ಹುಬ್ಬಳ್ಳಿಯ ಗೆಳೆಯರೂ ಈ ಅಕ್ಟೋಬರ್‌ನ ಹುಣ್ಣಿಮೆಯ ಮರುದಿನ ಹೋಗುತ್ತೇವೆ. ಬಾಟಲಿಗಳನ್ನು ಅವರು ಈಗಲೇ ತೊಳೆದು ಇಟ್ಟಿದ್ದಾರೆ.